20 ವರ್ಷಕ್ಕೆ ಸ್ಪೋರ್ಟ್ಸ್ ಬೈಕ್: ಟೆಸ್ಟ್ ರೈಡ್ ಕೊಡ್ತಿಲ್ಲ, ಇನ್ಶೂರೆನ್ಸ್ ಲೆಕ್ಕ ತಿಳೀತಿಲ್ಲ

ಕೆಂಪು ಟ್ಯಾಂಕ್

ಎಲ್ಲರಿಗೂ ನಮಸ್ಕಾರ. ನನಗೆ 20 ವರ್ಷ. ಡಿಎಲ್ ಬಂದು ಎರಡು ವರ್ಷ ಆಯ್ತು. ಅಲ್ಲಿಂದ ಅಪ್ಪನ 150 ಸಿಸಿ ಗಾಡಿ ಓಡಿಸಿಕೊಂಡಿದ್ದೇನೆ. ಬಿದ್ದಿಲ್ಲ, ಕ್ಲೈಮ್ ಹಾಕಿಲ್ಲ. ಈಗ ಸ್ವಂತಕ್ಕೆ ಒಂದು ಸ್ಪೋರ್ಟ್ಸ್ ಬೈಕ್ ತಗೊಳ್ಳಬೇಕು. ಕಣ್ಣು ಬಿದ್ದಿರುವುದು ಒಂದು ಸೆಕೆಂಡ್ ಹ್ಯಾಂಡ್ ಕವಾಸಾಕಿ ನಿಂಜಾ ಝಡ್‌ಎಕ್ಸ್-6ಆರ್ ಮೇಲೆ. ಅದಿಲ್ಲ ಅಂದರೆ ನಿಂಜಾ 400.

ಮೂರು ವಾರದಿಂದ ಓಡಾಡುತ್ತಿದ್ದೇನೆ, ಕೆಲಸ ಮುಂದೆ ಹೋಗ್ತಿಲ್ಲ. ಒಂದು ಶೋರೂಮಿನಲ್ಲಿ ಡಿಎಲ್ ಇಸ್ಕೊಂಡು ಹುಟ್ಟಿದ ತಾರೀಕು ನೋಡಿ, "ಕೂತು ನೋಡಿ ಸಾಕು, ಓಡಿಸೋಕೆ 25 ಆಗಿರಬೇಕು" ಅಂದರು. ಇನ್ನೊಂದು ಕಡೆ ಕೊಡುತ್ತೇವೆ ಅಂದರು, ಆದರೆ ಗಾಡಿಗೆ ಏನೇ ಆದರೂ ಪೂರ್ತಿ ಖರ್ಚು ನನ್ನದು ಅಂತ ಬರೆದಿದ್ದ ಕಾಗದಕ್ಕೆ ಸಹಿ ಕೇಳಿದರು. ಸಹಿ ಹಾಕದೆ ವಾಪಸ್ ಬಂದೆ. ಝಡ್‌ಎಕ್ಸ್-6ಆರ್ ಮಾಲೀಕರು ಮಾತ್ರ ಧಾರಾಳ. "ಬಾ, ಒಂದು ರೌಂಡ್ ಹೊಡಿ, ಇನ್ಶೂರೆನ್ಸ್ ಇದೆ" ಅಂತಾರೆ. ಇದೆ ಅಂದರೆ ನಾನು ಬೀಳಿಸಿದರೂ ಅದರಲ್ಲೇ ಆಗುತ್ತಾ? ನನಗೇ ಪೆಟ್ಟಾದರೆ ಯಾರು ನೋಡ್ತಾರೆ?

ಇದರ ಜೊತೆಗೆ ಅಪ್ಪ, ಗಾಡಿ ತಮ್ಮ ಹೆಸರಲ್ಲಿರಲಿ, ಇನ್ಶೂರೆನ್ಸ್ ಕಮ್ಮಿ ಬರುತ್ತೆ ಅಂತಿದ್ದಾರೆ. ಹುಡುಗರ ಹೆಸರಲ್ಲಿ ಮಾಡಿಸಿದರೆ ಜಾಸ್ತಿ ಹಾಕ್ತಾರೆ ಅಂತ ಯಾರೋ ಹೇಳಿದರಂತೆ. ತಿಳಿದವರು ದಯವಿಟ್ಟು ಹೇಳಿ.

ಘಾಟಿ ತಿರುವು

ತಗೋ ಗುರು, ಯೋಚನೆ ಬೇಡ. 6ಆರ್ ಕೂಗೋ ಕೂಗಿಗೆ ಬೇರೆ ಯಾವುದೂ ಸಾಟಿ ಇಲ್ಲ. ಸಹಿ ಹಾಕಿ ಓಡಿಸಿ ಬಾ, ಬೀಳಿಸಬೇಡ, ಅಷ್ಟೇ.

ಹಳೇ ಚೈನು

ತಮ್ಮಾ, ಘಾಟಿ ತಿರುವು ಹೇಳಿದ್ದನ್ನು ಪಕ್ಕಕ್ಕಿಡು. "ಬೀಳಿಸಬೇಡ" ಅನ್ನೋದು ಸಲಹೆ ಅಲ್ಲ. ಬೇಕು ಅಂತ ಯಾರೂ ಬೀಳಿಸಲ್ಲ.

ನೀನು ಹಿಂದು ಮುಂದಾಗಿ ಹೊರಟಿದ್ದೀಯ. ಮೊದಲು ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಕೇಳು, ಆಮೇಲೆ ಟೆಸ್ಟ್ ರೈಡ್. ಒಂದು ಸಲ ಆ ಗಾಡಿ ಓಡಿಸಿ ಇಳಿದ ಮೇಲೆ ಲೆಕ್ಕ ಹಾಕೋ ತಲೆ ಇರಲ್ಲ, ನಾನೂ ಆ ವಯಸ್ಸು ದಾಟಿ ಬಂದವನೇ. ಮಾಡೆಲ್, ವರ್ಷ, ರಿಜಿಸ್ಟ್ರೇಷನ್ ನಂಬರ್ ಕೊಟ್ಟು ಮೂರು ನಾಲ್ಕು ಕಂಪನಿಯಿಂದ ಬರವಣಿಗೆಯಲ್ಲಿ ಕೊಟೇಶನ್ ತರಿಸು.

ಸ್ಪೋರ್ಟ್ಸ್ ಬೈಕಿಗೆ ಯಾಕೆ ಜಾಸ್ತಿ ಅಂದರೆ ವೇಗ ಒಂದೇ ಕಾರಣ ಅಲ್ಲ. ನಿನ್ನ ಅಪ್ಪನ 150 ನಿಂತಲ್ಲೇ ಮಗುಚಿದರೆ ಒಂದು ಕನ್ನಡಿ, ಒಂದು ಇಂಡಿಕೇಟರ್, ಹೆಚ್ಚೆಂದರೆ ಒಂದು ಲಿವರ್. ಫೇರಿಂಗ್, ಅಂದರೆ ಮೈ ಸುತ್ತ ಪ್ಲಾಸ್ಟಿಕ್ ಹೊದಿಕೆ, ಇರೋ ಗಾಡಿ ಹಾಗೆ ಮಗುಚಿದರೆ ಒಂದು ಬದಿಯ ಪ್ಲಾಸ್ಟಿಕ್ ಪೂರ್ತಿ ಹೋಯ್ತು. ಗೀರು ಬಿದ್ದರೆ ಪರವಾಗಿಲ್ಲ, ಒಳಗಿನ ಸಣ್ಣ ಕೊಂಡಿಗಳು ಮುರಿದರೆ ಇಡೀ ಪ್ಯಾನೆಲ್ ಬದಲಾಯಿಸಬೇಕು. ಅದರ ಮೇಲೆ, ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಸವಕಳಿ ಅಂತ 50 ಪರ್ಸೆಂಟ್ ಕಳೆದು ಕೊಡುತ್ತಾರೆ. ಅಂದರೆ ಫೇರಿಂಗಿನ ಅರ್ಧ ದುಡ್ಡು ನಿನ್ನ ಜೇಬಿಂದ. ಮೈತುಂಬ ಪ್ಲಾಸ್ಟಿಕ್ ಇರೋ ಗಾಡಿಗೆ ಇದು ಸಣ್ಣ ವಿಷಯ ಅಲ್ಲ. ಈ ಸವಕಳಿ ಕಳೆಯದ ಝೀರೋ ಡೆಪ್ ಕವರ್ ಸಿಗುತ್ತಾ ಅಂತ ಮೊದಲು ಕೇಳು. ಗಾಡಿ ಹಳೆಯದಾದಷ್ಟೂ ಅದು ಸಿಗೋದು ಕಷ್ಟ.

ನಾಲ್ಕು ಸಿಲಿಂಡರ್

ಹಳೇ ಚೈನು ಅವರೇ, ಅದೆಲ್ಲ ಸರಿ, ಆದರೆ ಹುಡುಗರ ಹೆಸರಲ್ಲಿ ಜಾಸ್ತಿ ಅನ್ನೋ ಮಾತು ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸುಳ್ಳು. ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗಾದ ನಷ್ಟದ ಇನ್ಶೂರೆನ್ಸು, ಅದರ ಪ್ರೀಮಿಯಂ ಸರ್ಕಾರ ಗೊತ್ತುಮಾಡುತ್ತೆ, ಅದು ಸಿಸಿ ಮೇಲೆ. 75ರ ವರೆಗೆ ಒಂದು, 75ರಿಂದ 150 ಒಂದು, 150ರಿಂದ 350 ಒಂದು, 350 ದಾಟಿದರೆ ಒಂದು. ಹಾಗಾಗಿ ಥರ್ಡ್ ಪಾರ್ಟಿ ಲೆಕ್ಕದಲ್ಲಿ ನಿಂಜಾ 400, 636 ಸಿಸಿ 6ಆರ್, 1000 ಸಿಸಿಯ ಲೀಟರ್ ಬೈಕು ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ವ್ಯತ್ಯಾಸ ಬರೋದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ನಷ್ಟದ ಭಾಗದಲ್ಲಿ. ಅದು ಗಾಡಿಯ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ), ಎಷ್ಟು ಹಳೆಯದು, ಸಿಸಿ, ಎಲ್ಲಿ ರಿಜಿಸ್ಟರ್ ಆಗಿದೆ ಅನ್ನೋದರ ಮೇಲೆ ನಿಂತಿದೆ. ನಿನಗೆ 20 ಆದರೂ ನಿಮ್ಮ ಅಪ್ಪನಿಗೆ 50 ಆದರೂ ಥರ್ಡ್ ಪಾರ್ಟಿ ದರ ಅದೇ.

ದೂರದ ದಾರಿ

ನಾನು ಯುರೋಪಿನಲ್ಲಿ ಓದುತ್ತಿದ್ದೇನೆ. ಇಲ್ಲಿ ಪೂರ್ತಿ ಉಲ್ಟಾ, ವಯಸ್ಸೇ ಮೊದಲ ಪ್ರಶ್ನೆ. ಬಹುಶಃ ಅಪ್ಪನಿಗೆ ಯಾರೋ ಹೊರಗಿನ ದೇಶದ ಕಥೆ ಹೇಳಿರಬೇಕು. ಇಲ್ಲಿ 20 ವರ್ಷದವನಿಗೆ 6ಆರ್ ಓಡಿಸೋ ಲೈಸೆನ್ಸ್ ಕೂಡ ಸುಲಭಕ್ಕೆ ಸಿಗಲ್ಲ. 2013ರ ಜನವರಿಯಿಂದ ಬೈಕ್ ಲೈಸೆನ್ಸಿಗೆ ಗಾಡಿಯ ಶಕ್ತಿ ನೋಡಿ ಎ1, ಎ2, ಎ ಅಂತ ಮೆಟ್ಟಿಲು ಮಾಡಿದ್ದಾರೆ. ಎ2ನಲ್ಲಿ 35 ಕಿಲೋವ್ಯಾಟ್ ಮಿತಿ, ಅಂದರೆ ಸುಮಾರು 47 ಕುದುರೆ ಶಕ್ತಿ. ಎರಡು ವರ್ಷ ಎ2 ಓಡಿಸಿದರೆ 20ಕ್ಕೆ ಎ ಅನ್ನೋ ದೊಡ್ಡ ಲೈಸೆನ್ಸ್ ಪರೀಕ್ಷೆಗೆ ಕೂರಬಹುದು. ನೇರವಾಗಿ ಬೇಕು ಅಂದರೆ ಸಾಮಾನ್ಯವಾಗಿ 24 ಆಗಿರಬೇಕು. ನಿಂಜಾ 400, ಯಮಹಾ ಆರ್3, ಕೆಟಿಎಂ ಆರ್‌ಸಿ 390 ಇವೆಲ್ಲ ಆ 47ರ ಒಳಗೆ ಕೂರೋದು ಇದಕ್ಕೇ ಅಂತ ನನ್ನ ಅಂದಾಜು.

ಘಾಟಿ ತಿರುವು

ಇಲ್ಲಿ ಅದೆಲ್ಲ ಇಲ್ಲವಲ್ಲ. 18 ಆದ್ರೆ ಯಾವ ಗಾಡಿ ಬೇಕಾದ್ರೂ ಓಡಿಸಬಹುದು.

ದೂರದ ದಾರಿ

ಕಾನೂನು ಬಿಟ್ಟಿದೆ ಅಂದಮಾತ್ರಕ್ಕೆ ಕೈ ತಯಾರಾಗಿದೆ ಅಂತಲ್ಲ ಅಲ್ವಾ? ಆಸ್ಟ್ರೇಲಿಯಾದಲ್ಲಿ ಹೊಸಬರಿಗೆ 660 ಸಿಸಿ ಮತ್ತು ಒಂದು ಟನ್ನಿಗೆ 150 ಕಿಲೋವ್ಯಾಟ್ ಮಿತಿ ಇದೆ. ಜಪಾನಿನಲ್ಲಿ 400 ಸಿಸಿ ದಾಟಿದರೆ ಲೈಸೆನ್ಸೇ ಬೇರೆ. ಇಷ್ಟೊಂದು ದೇಶಗಳು ಸುಮ್ನೆ ಮಾಡಿಲ್ಲ.

ಕ್ಲೈಮ್ ಫೈಲು

ಕೆಂಪು ಟ್ಯಾಂಕ್ ಕೇಳಿದ ಮುಖ್ಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಇನ್ಶೂರೆನ್ಸ್ ಕ್ಲೈಮಿಗೆ ಗಾಡಿಯ ನಷ್ಟ ಅಳೆಯೋ ವಾಹನ ಸರ್ವೇಯರ್ ಹತ್ತಿರ ಎಂಟು ವರ್ಷ ಕೆಲಸ ಮಾಡಿದವನು. ಟೆಸ್ಟ್ ರೈಡಿನಲ್ಲಿ ಬಿದ್ದ ಗಾಡಿಗಳ ಫೈಲು ಬೇಕಾದಷ್ಟು ನೋಡಿದ್ದೇನೆ. ಮೂರು ಭಾಗ ಮಾಡಿ ಅರ್ಥ ಮಾಡಿಕೋ.

ಒಂದು, ಎದುರಿನವರು. ನೀನು ಯಾರಿಗಾದರೂ ಗುದ್ದಿದರೆ ಗಾಡಿಯ ಥರ್ಡ್ ಪಾರ್ಟಿ ಪಾಲಿಸಿ ಬರುತ್ತೆ. ಪಾಲಿಸಿ ಚಾಲ್ತಿಯಲ್ಲಿರಬೇಕು, ನಿನ್ನ ಹತ್ತಿರ ಗೇರ್ ಗಾಡಿಯ ಡಿಎಲ್ ಇರಬೇಕು, ಮಾಲೀಕರು ಒಪ್ಪಿ ಕೊಟ್ಟಿರಬೇಕು. ಡಿಎಲ್ ಇಲ್ಲದವನು ಓಡಿಸಿದ್ದರೆ ಪೆಟ್ಟಾದವರಿಗೆ ಕಂಪನಿ ದುಡ್ಡು ಕೊಟ್ಟು, ಆಮೇಲೆ ಅದನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡುವುದುಂಟು.

ಎರಡು, ಗಾಡಿ. ಇದಕ್ಕೆ ಓನ್ ಡ್ಯಾಮೇಜ್ ಇರಬೇಕು. "ಇನ್ಶೂರೆನ್ಸ್ ಇದೆ" ಅನ್ನೋ ಮಾತಿನಲ್ಲಿ ಜನ ಸಿಕ್ಕಿಬೀಳೋದು ಇಲ್ಲೇ. 2018ರ ಸೆಪ್ಟೆಂಬರ್ ನಂತರ ಮಾರಾಟವಾದ ಹೊಸ ದ್ವಿಚಕ್ರ ವಾಹನಕ್ಕೆಲ್ಲ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಓನ್ ಡ್ಯಾಮೇಜ್ ಹಾಗಲ್ಲ, ಅದನ್ನು ಒಂದೇ ವರ್ಷಕ್ಕೆ ಮಾಡಿಸಿ ಬಿಟ್ಟಿರುತ್ತಾರೆ. ಕಾಗದದಲ್ಲಿ ಎರಡು ಬೇರೆ ಬೇರೆ ಕೊನೆ ತಾರೀಕು ಇರುತ್ತೆ. ಎಷ್ಟೋ ಮಾಲೀಕರಿಗೇ ಅದು ಗೊತ್ತಿರಲ್ಲ, ಐದು ವರ್ಷ ಎಲ್ಲ ಇದೆ ಅಂದುಕೊಂಡಿರುತ್ತಾರೆ. ಆದ್ದರಿಂದ ಪಾಲಿಸಿ ಕಾಗದವನ್ನೇ ತರಿಸಿ ಎರಡೂ ತಾರೀಕು ನೀನೇ ಕಣ್ಣಾರೆ ನೋಡು.

ಮೂರು, ನೀನು. ಇದನ್ನು ಗಮನವಿಟ್ಟು ಓದು. ಬೇರೆಯವರ ಗಾಡಿ ಕೇಳಿ ತಗೊಂಡು ಓಡಿಸುವವನು ಮಾಲೀಕನ ಜಾಗಕ್ಕೇ ಬರುತ್ತಾನೆ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಅಂದರೆ ನೀನು ಥರ್ಡ್ ಪಾರ್ಟಿ ಅಲ್ಲ. ಇನ್ನು ಪಾಲಿಸಿಯಲ್ಲಿ ಬರೋ ಅಪಘಾತ ವಿಮೆ ಇದೆಯಲ್ಲ, ಆ 15 ಲಕ್ಷದ್ದು, ಅದರ ಹೆಸರೇ ಓನರ್ ಡ್ರೈವರ್ ಅಂತ. ಡಿಎಲ್ ಇರುವ ಮಾಲೀಕನಿಗೆ ಅದು. ಟೆಸ್ಟ್ ರೈಡ್ ಮಾಡೋ ಹುಡುಗನಿಗೆ ಅಲ್ಲ. ನೀನೇ ಎಲ್ಲೋ ಬಿದ್ದು ಕಾಲು ಮುರಿದುಕೊಂಡರೆ ನಿನ್ನದೇ ಹೆಸರಿನ ವೈಯಕ್ತಿಕ ಅಪಘಾತ ಪಾಲಿಸಿ, ಆರೋಗ್ಯ ವಿಮೆ ಇದ್ದರೆ ಮಾತ್ರ ಆಸರೆ. ಬೈಕ್ ಹುಡುಕೋಕೆ ಮುಂಚೆ ಮಾಡಿಸಬೇಕಾದ ಪಾಲಿಸಿ ಅದು.

ಬೆಳಗಿನ ರೈಡು

ಹತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೇನೆ, ಆ ಮೂರನೇದು ನನಗೇ ಗೊತ್ತಿರಲಿಲ್ಲ. ಎಷ್ಟು ಸ್ನೇಹಿತರ ಗಾಡಿ ಹೀಗೇ ತಗೊಂಡು ಹೋಗಿದ್ದೇನೆ. ಇವತ್ತೇ ವಿಚಾರಿಸ್ತೇನೆ.

ಹಾಫ್ ಕ್ಲಚ್

ಆ ಸಹಿ ಕಾಗದದ ಬಗ್ಗೆ ನಾನು ಹೇಳಲೇಬೇಕು, ಯಾಕಂದರೆ ನಾನು ಓದದೆ ಸಹಿ ಹಾಕಿ ಅನುಭವಿಸಿದವಳು.

ಆಗ ನನಗೆ 22. ಒಂದು ಶೋರೂಮಿನಲ್ಲಿ ಡೆಮೊ ಗಾಡಿ ಕೊಟ್ಟರು, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಹೋಗೋದು ಚೆನ್ನಾಗೇ ಹೋದೆ. ವಾಪಸ್ ಬರೋಕೆ ಯೂ ಟರ್ನ್ ಮಾಡುವಾಗ ಬಿತ್ತು. ವೇಗ ನಡೆಯೋ ಮನುಷ್ಯನಷ್ಟೂ ಇರಲಿಲ್ಲ. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ನಮ್ಮ ಮಾಮೂಲಿ ಗಾಡಿಯಷ್ಟು ತಿರುಗಲ್ಲ, ಅದು ನನಗೆ ಗೊತ್ತಿರಲಿಲ್ಲ. ತಿರುಗದಿದ್ದಾಗ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಮಲಗುತ್ತೆ. ಕಾಲು ಕೊಟ್ಟೆ, ಅಷ್ಟು ಭಾರ ತಡೆಯಲಿಲ್ಲ. ನನಗೇನೂ ಆಗಲಿಲ್ಲ. ಗಾಡಿಗೆ ಬಲಗಡೆ ಫೇರಿಂಗ್, ಬ್ರೇಕ್ ಲಿವರ್, ಕನ್ನಡಿ, ಫುಟ್‌ಪೆಗ್. ಇನ್ಶೂರೆನ್ಸ್ ಇದೆಯಲ್ಲ ಅಂದೆ. ಅವರು ಸಹಿ ಮಾಡಿದ ಕಾಗದ ತೋರಿಸಿದರು. ಕ್ಲೈಮ್ ಹಾಕಿದರೆ ನಮ್ಮ ಬೋನಸ್, ಅಂದರೆ ಕ್ಲೈಮ್ ಇಲ್ಲದ್ದಕ್ಕೆ ಸಿಗೋ ಪ್ರೀಮಿಯಂ ರಿಯಾಯಿತಿ, ಹೋಗುತ್ತೆ, ಹಾಗಾಗಿ ಪೂರ್ತಿ ನೀವೇ ಕಟ್ಟಿ ಅಂದರು. ನಾಲ್ಕು ತಿಂಗಳ ಸಂಬಳ ಅದಕ್ಕೇ ಹೋಯ್ತು, ಅಮ್ಮನ ಹತ್ತಿರ ಸಾಲ ಕೂಡ ಮಾಡಿದೆ.

ಹಾಗಾಗಿ ಕೆಂಪು ಟ್ಯಾಂಕ್, ಸಹಿ ಹಾಕದೆ ಬಂದದ್ದು ಒಳ್ಳೆಯದು ಮಾಡಿದೆ. ಆದರೆ ಅಲ್ಲಿಗೆ ಬಿಡಬೇಡ. ವಾಪಸ್ ಹೋಗಿ ಮಾತಾಡು. ಡೆಮೊ ಗಾಡಿಗೆ ಓನ್ ಡ್ಯಾಮೇಜ್ ಇದೆಯಾ, ಝೀರೋ ಡೆಪ್ ಇದೆಯಾ ಕೇಳು. ಕ್ಲೈಮಿನಲ್ಲಿ ಬರದ ಭಾಗ ಮಾತ್ರ ನಾನು ಕಟ್ಟುತ್ತೇನೆ, ಅದಕ್ಕೂ ಇಂತಿಷ್ಟು ಅಂತ ಮಿತಿ ಬರೆಯಿರಿ ಅನ್ನು. ಬರೆದುಕೊಟ್ಟರೆ ಸಹಿ ಹಾಕು, ಇಲ್ಲದಿದ್ದರೆ ಬೇರೆ ಶೋರೂಮು.

ಹಳೇ ಚೈನು

ಹಾಫ್ ಕ್ಲಚ್ ಅವರು ಹೇಳಿದ್ದು ನೂರಕ್ಕೆ ನೂರು. ನಾನು ನೋಡಿರೋ ಟೆಸ್ಟ್ ರೈಡ್ ಬೀಳುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯೂ ಟರ್ನಿನಲ್ಲೇ. ಜೋರಾಗಿ ಹೋಗಿ ಬಿದ್ದದ್ದು ಕಮ್ಮಿ.

ಘಾಟಿ ತಿರುವು

ಯೂ ಟರ್ನ್ ಹೇಗೆ ಮಾಡಬೇಕು ಅಂತ ಅದನ್ನಾದರೂ ಹೇಳಿ ಮತ್ತೆ. ಇಡೀ ಚರ್ಚೆ ಕಾಗದದ ಮೇಲೇ ಹೋಗ್ತಿದೆ.

ಹಾಫ್ ಕ್ಲಚ್

ಹೇಳ್ತೇನೆ. ಗಾಡಿ ಹತ್ತುವ ಮೊದಲು ಸ್ಟ್ಯಾಂಡ್ ತೆಗೆದು ಕೈಯಲ್ಲೇ ಹತ್ತು ಹೆಜ್ಜೆ ತಳ್ಳು, ಭಾರ ಗೊತ್ತಾಗುತ್ತೆ. ಕೂತ ಮೇಲೆ ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡು. ಅದು ಎಲ್ಲಿ ನಿಲ್ಲುತ್ತೆ, ನಿಂತಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕುತ್ತಾ ನೋಡಿಕೋ. ತಿರುಗಿಸುವಾಗ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಹಿಡಿದು, ಎಳೆತ ಇಟ್ಟುಕೊಂಡು, ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿ ವೇಗ ಹಿಡಿ. ಮುಂದಿನ ಬ್ರೇಕಿನಿಂದ ಬೆರಳು ತೆಗೆದುಬಿಡು. ಕಣ್ಣು ಹೋಗಬೇಕಾದ ಕಡೆ ಇರಲಿ, ಚಕ್ರದ ಕಡೆ ಬೇಡ. ಜಾಗ ಸಾಲದು ಅನ್ನಿಸಿದರೆ ನಿಲ್ಲಿಸಿ, ಇಳಿದು ತಳ್ಳಿ ತಿರುಗಿಸು. ನಾನು ಈಗಲೂ ಇಕ್ಕಟ್ಟಿನ ಜಾಗದಲ್ಲಿ ಹಾಗೇ ಮಾಡ್ತೇನೆ.

ಗ್ರೀಸ್ ಕೈ

ಸೆಕೆಂಡ್ ಹ್ಯಾಂಡ್ 6ಆರ್ ಅಂತೀಯ, ಓಡಿಸೋಕೆ ಮುಂಚೆ ಅರ್ಧ ಗಂಟೆ ನಿಂತು ನೋಡು. ಗ್ಯಾರೇಜಿನಲ್ಲಿ ಇದೇ ನನ್ನ ಕೆಲಸ.

ಹೋದ ಕೂಡಲೇ ಇಂಜಿನ್ ಹತ್ತಿರ ಕೈ ಇಡು. ತಣ್ಣಗಿರಬೇಕು. ನೀನು ಬರ್ತೀಯ ಅಂತ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗ ಏನೋ ತೊಂದರೆ ಕೊಡುತ್ತೆ ಅಂತ ಅನುಮಾನ ಪಡು. ಲಿವರ್ ತುದಿ, ಹ್ಯಾಂಡಲ್ ತುದಿಯ ತೂಕ, ಫುಟ್‌ಪೆಗ್ ತುದಿ, ಇಂಜಿನ್ ಕವರ್, ಈ ನಾಲ್ಕು ಕಡೆ ಉಜ್ಜಿದ ಗುರುತು ಇದೆಯಾ ನೋಡು. ಫೇರಿಂಗ್ ಹೊಸದಾಗಿ ಹೊಳೀತಿದ್ದು ಅದರ ಪಕ್ಕದ ಬೋಲ್ಟ್ ಹಳೆಯದಾಗಿದ್ದರೆ ಕೇಳು ಯಾಕೆ ಅಂತ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಫ್ರೇಮಿಗೆ ತಾಗಿ ನಿಲ್ಲೋ ಮೂತಿ ಇರುತ್ತಲ್ಲ, ಅದು ಜಜ್ಜಿದ್ದರೆ ಅಥವಾ ಮುರಿದಿದ್ದರೆ ಗಾಡಿ ಚೆನ್ನಾಗೇ ಬಿದ್ದಿದೆ. ಅಂಥದ್ದನ್ನು ಬಿಟ್ಟು ಬಾ.

ಇನ್ನೊಂದು, ಸ್ಪೋರ್ಟ್ಸ್ ಬೈಕಿಗೆ ಮಾತ್ರ ಇರೋದು. ಆಯಿಲ್ ಡ್ರೈನ್ ಬೋಲ್ಟ್, ಬ್ರೇಕ್ ಕ್ಯಾಲಿಪರ್ ಬೋಲ್ಟ್ ತಲೆಯಲ್ಲಿ ಸಣ್ಣ ತೂತು ಇದೆಯಾ ನೋಡು. ರೇಸ್ ಟ್ರ್ಯಾಕಿಗೆ ಇಳಿಸುವ ಮುಂಚೆ ಬೋಲ್ಟ್ ಬಿಚ್ಚಿಕೊಳ್ಳದ ಹಾಗೆ ತಂತಿ ಕಟ್ಟೋಕೆ ಆ ತೂತು ಕೊರೀತಾರೆ. ಟ್ರ್ಯಾಕಿಗೆ ಹೋದ ಗಾಡಿ ಎಲ್ಲ ಕೆಟ್ಟದ್ದು ಅಂತಲ್ಲ, ಎಷ್ಟೋ ಜನ ತುಂಬ ಚೆನ್ನಾಗಿ ಇಟ್ಟಿರ್ತಾರೆ. ಆದರೆ ಮಾಲೀಕ ಅದನ್ನು ಮುಚ್ಚಿಟ್ಟರೆ ಬೇರೇನು ಮುಚ್ಚಿಟ್ಟಿದ್ದಾನೆ ಅಂತ ಯೋಚಿಸಬೇಕಾಗುತ್ತೆ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಗಾಡಿಯಲ್ಲಿ ಟೈರಿನ ಗೆರೆ ಹೊಸದರ ಹಾಗೆ ಕಾಣುತ್ತೆ, ರಬ್ಬರ್ ಮಾತ್ರ ಒಣಗಿ ಕಲ್ಲಾಗಿರುತ್ತೆ. ಅಂಥ ಟೈರಿನಲ್ಲಿ, ಅದೂ ಬಿಸಿಯಾಗುವ ಮೊದಲು, ಗಾಡಿ ವಾಲಿಸಿ ಟೆಸ್ಟ್ ರೈಡ್ ಮಾಡಬೇಡ.

ನಾಲ್ಕು ಸಿಲಿಂಡರ್

ತೂತಿನ ವಿಷಯ ಚೆನ್ನಾಗಿದೆ, ನಾನು ನೋಡೇ ಇರಲಿಲ್ಲ. ಅಂದ ಹಾಗೆ ಪಾಲಿಸಿಯಲ್ಲಿ ರೇಸ್ ಮತ್ತು ವೇಗ ಪರೀಕ್ಷೆಗೆ ಕವರ್ ಇಲ್ಲ ಅಂತ ಬರೆದೇ ಇರುತ್ತೆ. ಟೆಸ್ಟ್ ರೈಡಿನಲ್ಲಿ ಟಾಪ್ ಸ್ಪೀಡ್ ನೋಡ್ತೇನೆ ಅಂತ ಹೋಗುವವರು ಅದನ್ನು ಓದಿಕೊಳ್ಳಲಿ.

ಬೆಳಗಿನ ರೈಡು

600 ನಾಲ್ಕು ಸಿಲಿಂಡರ್ ಬೈಕುಗಳೇ ಒಂದೊಂದಾಗಿ ಹೋಗ್ತಿವೆ ಅನ್ನೋದು ನನಗೆ ಬೇಜಾರು. 1999ರಲ್ಲಿ ಬಂದ ಯಮಹಾ ಆರ್6 ಯುರೋಪಿನಲ್ಲಿ ಯೂರೋ 5 ಹೊಗೆ ನಿಯಮ ಬಂದಾಗ ರಸ್ತೆಯಿಂದ ಹೋಯ್ತು, ಆಮೇಲೆ ಬರೀ ಟ್ರ್ಯಾಕಿಗೆ ಮಾರಿದರು. ನಂತರ ಬಂದ ಆರ್7 ಎರಡೇ ಸಿಲಿಂಡರ್.

ನಾಲ್ಕು ಸಿಲಿಂಡರ್

ಆದರೆ 2020ರಲ್ಲಿ ಕವಾಸಾಕಿ 250 ಸಿಸಿಯಲ್ಲೇ ನಾಲ್ಕು ಸಿಲಿಂಡರ್ ತಂತು, ಝಡ್‌ಎಕ್ಸ್-25ಆರ್. ಆಮೇಲೆ 2023ರಲ್ಲಿ 4ಆರ್. ಪೂರ್ತಿ ಹೋಗಿಲ್ಲ.

ಹಳೇ ಚೈನು

ಇಬ್ಬರೂ ವಿಷಯಕ್ಕೆ ಬನ್ನಿ. ಹುಡುಗ ಕಾಯ್ತಿದ್ದಾನೆ.

ಕೆಂಪು ಟ್ಯಾಂಕ್

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಕ್ಲೈಮ್ ಫೈಲು ಸರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಾದರು. ಈಗ ಅಪ್ಪನ ಹೆಸರಿನ ಪ್ರಶ್ನೆ ಉಳಿಯಿತು. ವಯಸ್ಸಿಗೆ ಪ್ರೀಮಿಯಂ ಬದಲಾಗಲ್ಲ ಅಂದರೆ ನನ್ನ ಹೆಸರಲ್ಲೇ ಮಾಡಿಸಬಹುದು ಅಲ್ವಾ? ಎರಡು ವರ್ಷ ಕ್ಲೈಮ್ ಇಲ್ಲದ್ದಕ್ಕೆ ಬೋನಸ್ ಕೂಡ ಸಿಗುತ್ತೆ ಅಲ್ವಾ?

ಕ್ಲೈಮ್ ಫೈಲು

ಆ ಬೋನಸ್ ನಿನ್ನದಲ್ಲಪ್ಪ, ನಿಮ್ಮ ಅಪ್ಪನದು. ಎನ್‌ಸಿಬಿ ಅಂದರೆ ನೋ ಕ್ಲೈಮ್ ಬೋನಸ್, ಅದು ಪಾಲಿಸಿ ಯಾರ ಹೆಸರಲ್ಲಿದೆಯೋ ಅವರದು. ಓಡಿಸಿದವನದ್ದೂ ಅಲ್ಲ, ಗಾಡಿಯದ್ದೂ ಅಲ್ಲ. ಒಂದು ವರ್ಷ ಕ್ಲೈಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ 20 ಪರ್ಸೆಂಟ್ ರಿಯಾಯಿತಿ, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಹಾಗಾಗಿ ಅಪ್ಪ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ, ಅವರು ಹೇಳಿದ ಕಾರಣ ಮಾತ್ರ ಬೇರೆ. ಅವರು 150 ಮಾರಿ ಹೊಸ ಗಾಡಿ ತಮ್ಮ ಹೆಸರಿಗೆ ತಗೊಂಡರೆ ಆ ಬೋನಸ್ ಹೊಸ ಗಾಡಿಗೆ ಹೋಗುತ್ತೆ. ನಿನ್ನ ಹೆಸರಿಗಾದರೆ ನೀನು ಸೊನ್ನೆಯಿಂದ ಶುರು.

ಇದೇ ಲೆಕ್ಕ 6ಆರ್ ಮಾಲೀಕರಿಗೂ. ಅವರ ಬೋನಸ್ ಅವರ ಜೊತೆ ಹೋಗುತ್ತೆ. ಗಾಡಿ ನಿನ್ನ ಹೆಸರಿಗೆ ಆದಮೇಲೆ 14 ದಿನದೊಳಗೆ ಪಾಲಿಸಿಯನ್ನೂ ನಿನ್ನ ಹೆಸರಿಗೆ ಮಾಡಿಸಬೇಕು. ಆರ್‌ಸಿ ಒಬ್ಬರ ಹೆಸರು, ಪಾಲಿಸಿ ಇನ್ನೊಬ್ಬರ ಹೆಸರು ಇದ್ದರೆ ಓನ್ ಡ್ಯಾಮೇಜ್ ಕ್ಲೈಮ್ ನಿಲ್ಲಲ್ಲ. ಇಂಥ ಫೈಲು ವಾಪಸ್ ಹೋಗುವಾಗ ಆ ಹುಡುಗರ ಮುಖ ನೋಡೋಕೆ ಆಗ್ತಿರಲಿಲ್ಲ.

ಘಾಟಿ ತಿರುವು

ಹಾಗಾದರೆ ಅಪ್ಪನ ಹೆಸರೇ ಸರಿ. ನಾನೂ ಹಾಗೇ ಮಾಡಿಸಿದ್ದು. ಆರು ವರ್ಷ ಆಯ್ತು, ಏನೂ ತೊಂದರೆ ಬಂದಿಲ್ಲ.

ದೂರದ ದಾರಿ

ಇಲ್ಲಾದರೆ ಅದಕ್ಕೆ ಮೋಸ ಅಂತಾರೆ. ದಿನಾ ಓಡಿಸುವವನು ಮಗ, ಕಾಗದದಲ್ಲಿ ಅಪ್ಪ. ಬ್ರಿಟನ್ನಿನಲ್ಲಿ ಗೊತ್ತಾದರೆ ಪಾಲಿಸಿಯನ್ನೇ ರದ್ದು ಮಾಡಬಹುದು.

ಘಾಟಿ ತಿರುವು

ನೀವು ಮಾತೆತ್ತಿದರೆ ಅಲ್ಲಿ ಹಾಗೆ ಇಲ್ಲಿ ಹೀಗೆ. ನಮ್ಮಲ್ಲಿ ಅಪ್ಪನ ಗಾಡಿ ಮಗ ಓಡಿಸಬಾರದು ಅಂತ ಎಲ್ಲಿ ಬರೆದಿದೆ?

ಹಳೇ ಚೈನು

ಇಬ್ಬರ ಮಾತೂ ಅವರವರ ಜಾಗದಲ್ಲಿ ಸರಿ. ಅಲ್ಲಿ ಓಡಿಸುವವನ ವಯಸ್ಸಿನ ಮೇಲೆ ದರ ನಿಂತಿದೆ, ಅದಕ್ಕೇ ಸುಳ್ಳು ಹೇಳಿದರೆ ಮೋಸ. ಇಲ್ಲಿ ಅಪ್ಪನ ಗಾಡಿಯನ್ನು ಡಿಎಲ್ ಇರೋ ಮಗ ಓಡಿಸೋದರಲ್ಲಿ ತಪ್ಪಿಲ್ಲ.

ಆದರೆ ಘಾಟಿ ತಿರುವು, ನಿನಗೂ ಒಂದು ಮಾತು. ಕ್ಲೈಮ್ ಫೈಲು ಅವರು ಮೇಲೆ ಹೇಳಿದ್ದನ್ನು ಮತ್ತೆ ಓದು. ಆ 15 ಲಕ್ಷದ ಅಪಘಾತ ವಿಮೆ ಯಾರ ಹೆಸರಲ್ಲಿದೆ? ನಿಮ್ಮ ಅಪ್ಪನ ಹೆಸರಲ್ಲಿ. ಓಡಿಸೋದು ನೀನು. ಆರು ವರ್ಷ ಏನೂ ಆಗಿಲ್ಲ, ಹಾಗೇ ಆಗದೇ ಇರಲಿ. ಆದರೆ ನಿನ್ನ ಹೆಸರಿಗೆ ಬೇರೆ ಪಾಲಿಸಿ ಇದೆಯಾ?

ಘಾಟಿ ತಿರುವು

ಇಲ್ಲ.

ಸರಿ ಅಣ್ಣ, ಮಾಡಿಸ್ತೇನೆ.

ಹಾಫ್ ಕ್ಲಚ್

ಹೆಸರು ಯಾರದ್ದೇ ಇರಲಿ, ನನಗೆ ಚಿಂತೆ ಇರೋದು 6ಆರ್ ಬಗ್ಗೆ. ಸುಮಾರು 130 ಕುದುರೆ ಶಕ್ತಿ ಅದು. ಅಪ್ಪನ 150ಕ್ಕಿಂತ ಎಂಟೊಂಬತ್ತು ಪಟ್ಟು. ತಗೋಬೇಡ ಅನ್ನೋ ಹಕ್ಕು ನನಗಿಲ್ಲ. ಆದರೆ ಒಂದು ಹಳೆಯ ಅಧ್ಯಯನ ಇದೆ, ಲಾಸ್ ಏಂಜಲೀಸ್ ಸುತ್ತಮುತ್ತಲಿನ ಸುಮಾರು 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ನೋಡಿ ಬರೆದು 1981ರಲ್ಲಿ ಹೊರತಂದದ್ದು, ಹರ್ಟ್ ರಿಪೋರ್ಟ್ ಅಂತಾರೆ. ಅದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ವಿಷಯ. ಅಪಘಾತವಾದವರು ಸರಾಸರಿ ಮೂರು ವರ್ಷದ ಹತ್ತಿರ ರಸ್ತೆಯಲ್ಲಿ ಬೈಕ್ ಓಡಿಸಿದವರೇ. ಆದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆ ದಿನ ಓಡಿಸುತ್ತಿದ್ದ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಬೈಕ್ ಓಡಿಸೋಕೆ ಬರೋದು ಬೇರೆ, ಈ ಬೈಕ್ ಓಡಿಸೋಕೆ ಬರೋದು ಬೇರೆ. ಟೆಸ್ಟ್ ರೈಡ್ ಅಂದರೆ ಆ ಐದು ತಿಂಗಳ ಮೊದಲ ಹತ್ತು ನಿಮಿಷ.

ಗ್ರೀಸ್ ಕೈ

ಅಕ್ಕ ಹೇಳಿದ್ದು ಸರಿ. ಬ್ರೇಕ್ ಬಗ್ಗೆಯೂ ಸೇರಿಸ್ತೇನೆ. 150ರ ಬ್ರೇಕ್ ಹಿಡಿದು ಅಭ್ಯಾಸ ಆದ ಕೈ ಇದರಲ್ಲಿ ಅಷ್ಟೇ ಬಲ ಹಾಕಿದರೆ ಮುಂದಿನ ಫೋರ್ಕ್ ಧಡ್ ಅಂತ ಕೆಳಗೆ ಹೋಗುತ್ತೆ. ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಇದ್ದರೂ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಮುಂಗೈ ಮೇಲೆ ಬರುತ್ತೆ. ಮೊಣಕಾಲಲ್ಲಿ ಟ್ಯಾಂಕ್ ಗಟ್ಟಿಯಾಗಿ ಹಿಡಿದುಕೋ. ಎರಡು ಬೆರಳು ಸಾಕು, ಮೊದಲು ಮೆತ್ತಗೆ, ಆಮೇಲೆ ಬಿಗಿ. ಖಾಲಿ ರಸ್ತೆಯಲ್ಲಿ 30ರಲ್ಲಿ ಎರಡು ಸಲ ಹಿಡಿದು ನೋಡಿ ಮುಂದೆ ಹೋಗು.

ಕೆಂಪು ಟ್ಯಾಂಕ್

ಹತ್ತು ದಿನ ಆದಮೇಲೆ ಬರೀತಿದ್ದೇನೆ. ತಡವಾಯ್ತು, ಕ್ಷಮಿಸಿ.

6ಆರ್ ಮಾಲೀಕರ ಹತ್ತಿರ ಪಾಲಿಸಿ ಕಾಗದ ಕೇಳಿದೆ. ಕೊಟ್ಟರು, ಪಾಪ ಏನೂ ಮುಚ್ಚಿಡಲಿಲ್ಲ. ಥರ್ಡ್ ಪಾರ್ಟಿ ಇತ್ತು. ಓನ್ ಡ್ಯಾಮೇಜ್ ಮುಗಿದು ನಾಲ್ಕು ತಿಂಗಳಾಗಿತ್ತು. ಅವರಿಗೇ ಗೊತ್ತಿರಲಿಲ್ಲ, ನನಗಿಂತ ಅವರಿಗೆ ಜಾಸ್ತಿ ಗಾಬರಿ ಆಯ್ತು. ಈ ನಾಲ್ಕು ತಿಂಗಳು ಎಷ್ಟು ಜನರಿಗೆ ಓಡಿಸೋಕೆ ಕೊಟ್ಟಿದ್ದೀನೋ ಅಂದರು. ನಾನು ಓಡಿಸಲಿಲ್ಲ. ಕೂತೆ, ಸ್ಟಾರ್ಟ್ ಮಾಡಿಸಿ ಕೇಳಿದೆ, ಇಳಿದೆ. ಕಷ್ಟ ಆಯ್ತು, ಸುಳ್ಳು ಹೇಳಲ್ಲ.

ಆಮೇಲೆ ಅಪ್ಪನನ್ನು ಕರಕೊಂಡು ಆ ಸಹಿ ಕೇಳಿದ ಶೋರೂಮಿಗೇ ಹೋದೆ. ಹಾಫ್ ಕ್ಲಚ್ ಅಕ್ಕ ಹೇಳಿದ ಹಾಗೆ ಕೇಳಿದೆ. ಮೊದಲು ಆಗಲ್ಲ ಅಂದರು, ಮ್ಯಾನೇಜರ್ ಬಂದು ಪಾಲಿಸಿ ತೋರಿಸಿ, ಮಿತಿ ಹಾಕಿ ಬರೆದುಕೊಟ್ಟರು. ನಿಂಜಾ 400 ಓಡಿಸಿದೆ. ಇಪ್ಪತ್ತು ನಿಮಿಷ. ಯೂ ಟರ್ನ್ ಜಾಗದಲ್ಲಿ ಇಳಿದು ತಳ್ಳಿ ತಿರುಗಿಸಿದೆ. ಹಿಂದೆ ಇನ್ನೊಂದು ಗಾಡಿಯಲ್ಲಿ ಬರ್ತಿದ್ದ ಶೋರೂಮಿನವರು ಏನಾಯ್ತು ಅಂತ ಓಡಿ ಬಂದರು. ಮುಂಗೈ ನೋವು ಬಂತು, ಮೂರನೇ ಗೇರಿನಲ್ಲಿ ಎಳೆದ ಎಳೆತ ಇನ್ನೂ ಮೈಯಲ್ಲಿದೆ. ನನಗೆ ಸದ್ಯಕ್ಕೆ ಇಷ್ಟು ಸಾಕು ಅನ್ನಿಸಿತು. 400 ಬುಕ್ ಮಾಡಿದ್ದೇವೆ, ನನ್ನ ಹೆಸರಿನಲ್ಲಿ.

ಘಾಟಿ ತಿರುವು

ಅಭಿನಂದನೆ ಗುರು! ನಾನು ನಿನ್ನೆ ಪಾಲಿಸಿ ಮಾಡಿಸಿದೆ, ಹಳೇ ಚೈನು ಅಣ್ಣ ನೋಡಲಿ ಅಂತ ಬರೀತಿದ್ದೇನೆ.

ಹಳೇ ಚೈನು

ನೋಡಿದೆ. ಖುಷಿಯಾಯ್ತು ಇಬ್ಬರದ್ದೂ. ಕೆಂಪು ಟ್ಯಾಂಕ್, ಹೊಸ ಟೈರು ಮೊದಲು ಜಾರುತ್ತೆ, ಒಂದೂವರೆ ನೂರು ಕಿಲೋಮೀಟರ್ ವಾಲಿಸಬೇಡ.

ಹಾಫ್ ಕ್ಲಚ್

ಝೀರೋ ಡೆಪ್ ಹಾಕಿಸಿದೆಯಾ?

ಕೆಂಪು ಟ್ಯಾಂಕ್

ಹಾಕಿಸಿದೆ ಅಕ್ಕ. ನನ್ನ ಹೆಸರಿನ ಅಪಘಾತ ಪಾಲಿಸಿ ಶನಿವಾರ ಬರುತ್ತೆ, ಗಾಡಿ ಸೋಮವಾರ.